ಗಳಗೇಶ್ವರನ ಗೋಡೆ ಮತ್ತು ಚಿತ್ರ ತಿದ್ದುವ ವಿದ್ಯೆ

ಛಾಯಾಚಿತ್ರಗಳನ್ನು ತಿದ್ದುವುದಕ್ಕೆ ಹೊಸಬರು ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು? ಈ ಪ್ರಶ್ನೆಯನ್ನು ಇತ್ತೀಚೆಗೆ ನನ್ನ ಮುಂದಿಡುವವರು ಬಹಳ ಮಂದಿ. ಕೈಯಲ್ಲೊಂದು ಫೋನು ಇದ್ದ ಮೇಲೆ ಎಲ್ಲರೂ ಛಾಯಾಗ್ರಾಹಕರೇ ಸರಿ. ಅಟ್ಟದ ಮೇಲಿನ ಹಳೆಯ ಪಟಗಳನ್ನು ಇಳಿಸಿ, ಪ್ರತಿ ತೆಗೆದು, ಕಲೆ ಅಳಿಸಿ, ಮಾಸಿದುದನ್ನು ಬೆಳಗಿಸಿ ಇಡಬೇಕೆಂಬ ಹಂಬಲವೂ ಈಗ ಮನೆಮನೆಗೆ ಹಬ್ಬಿದೆ. ಕೇಳುವವರು ಬಯಸುವುದು ಒಂದೇ ಒಂದು ಹೆಸರನ್ನು. ನಾನು ಹೇಳತೊಡಗುವುದು ಇತಿಹಾಸವನ್ನು. ಅವರಿಗೆ ಬೇಸರವಾದೀತು. ಆದರೆ ಇವುಗಳಲ್ಲಿ ಯಾವುದು ನಿಜವಾಗಿ ಸುಲಭ, ಯಾವುದು ಸುಲಭವೆಂಬಂತೆ ತೋರಿ ಕೈಕೊಡುವಂಥದು ಎಂಬುದು ತಿಳಿಯಬೇಕಾದರೆ, ತಿದ್ದುವ ವಿದ್ಯೆ ನಡೆದುಬಂದ ದಾರಿಯನ್ನು ಒಂದಿಷ್ಟು ನೋಡಲೇಬೇಕು.

ಅದಕ್ಕೆ ಗಳಗನಾಥಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ. ಹಾವೇರಿ ಜಿಲ್ಲೆಯಲ್ಲಿ ವರದೆಯು ತುಂಗಭದ್ರೆಯನ್ನು ಕೂಡುವ ಊರು ಅದು. ಕನ್ನಡ ವಾಚಕರಿಗೆ ಆ ಹೆಸರು ಊರಿಗಿಂತ ಮೊದಲು ಕಾದಂಬರಿಕಾರರನ್ನು ನೆನಪಿಗೆ ತರುತ್ತದೆ. ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಊರಿನ ಹೆಸರನ್ನೇ ತಮ್ಮ ಕಾವ್ಯನಾಮವಾಗಿ ಧರಿಸಿ, ಊರು ಕಾಣದವರ ಬಾಯಲ್ಲೂ ಅದನ್ನು ನಿಲ್ಲಿಸಿದರು. ಊರಿನ ನಿಜವಾದ ಹಿರಿಯನಾದರೋ ಹೊಳೆಯ ದಂಡೆಯ ಗಳಗೇಶ್ವರ. ಕಲ್ಯಾಣದ ಚಾಲುಕ್ಯರ ಕಾಲದ, ಹನ್ನೊಂದನೆಯ ಶತಮಾನದ ದೊಡ್ಡ ಗುಡಿ, ಪೂರ್ವಾಭಿಮುಖವಾದುದು. ಹೆನ್ರಿ ಕಸಿನ್ಸ್ ಎಂಬ ವಿದ್ವಾಂಸರು 1926ರಲ್ಲಿ ಪ್ರಕಟಿಸಿದ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ ಗ್ರಂಥದಲ್ಲಿ ಇದಕ್ಕೂ ಸ್ಥಾನವಿದೆ. ಇದರಲ್ಲಿ ಒಂದು ವಿಚಿತ್ರ ಉಂಟು. ಬೇರೆ ಗುಡಿಗಳ ಗೋಡೆ ನೆಲದಿಂದ ನೆಟ್ಟಗೆ ಏಳುತ್ತದೆ. ಇಲ್ಲಿ ಅಡಿಭಾಗವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಸರಿಯುತ್ತ ಪಿರಮಿಡ್ಡಿನಂತೆ ಮೇಲೇರಿದೆ. ಹೊಳೆಯ ದಡದಲ್ಲಿ ಅಷ್ಟು ಭಾರವನ್ನು ಹೊರಬೇಕಾದ ಬುನಾದಿಗೆ ಬಲ ಕೊಡುವುದಕ್ಕಾಗಿ ಹೀಗೆ ಮಾಡಿರಬೇಕು.

ಆ ಗುಡಿಯ ಕೆಲವು ಚಿತ್ರಗಳನ್ನು ನಾನು ತೆಗೆದುಕೊಂಡು ಬಂದಿದ್ದೆ. ನನ್ನ ಅಣ್ಣನ ಮಗಳು ಅವನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡು, ಎಲ್ಲವನ್ನೂ ತಾನಾಗಿಯೇ ಸರಿಪಡಿಸುವ ಒಂದು ಗುಂಡಿಯನ್ನು ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಗೋಡೆ ನೆಟ್ಟಗಾಯಿತು.

“ನೋಡ್ರಿ ಕಾಕಾ, ಗುಡಿ ಸೊಟ್ಟಾಗಿತ್ತು. ಈಗ ಸರಿ ಆತು.”

“ಗುಡಿ ಸೊಟ್ಟಾಗಿರಲಿಲ್ಲ ತಂಗಿ, ಕಟ್ಟಿದವರು ಹಂಗ ಕಟ್ಟ್ಯಾರ,” ಎಂದೆ.

ತಪ್ಪು ಅವಳದಲ್ಲ. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಹಿಡಿದಾಗ ಕಟ್ಟಡದ ನೆಟ್ಟನೆಯ ಗೆರೆಗಳು ತುದಿಯಲ್ಲಿ ಒಂದನ್ನೊಂದು ಸಮೀಪಿಸುವಂತೆ ಕಾಣುತ್ತವೆ. ಈ ದೋಷವನ್ನು ತಿದ್ದುವ ಗುಂಡಿ ಈಗ ಅನೇಕ ತಂತ್ರಾಂಶಗಳಲ್ಲಿದೆ. ಗೋಡೆ ಎಂದ ಮೇಲೆ ನೆಲಕ್ಕೆ ಲಂಬವಾಗಿಯೇ ಇರಬೇಕೆಂಬುದು ಅದರ ನಂಬಿಕೆ. ಹುಬ್ಬಳ್ಳಿಯ ಬ್ಯಾಂಕಿನ ಕಟ್ಟಡಕ್ಕೆ ಆ ನಂಬಿಕೆ ಸಲ್ಲುತ್ತದೆ, ಗಳಗೇಶ್ವರನಿಗೆ ಸಲ್ಲದು. ಆ ತಿದ್ದಿದ ಚಿತ್ರವೊಂದೇ ಉಳಿದು, ಐವತ್ತು ವರ್ಷದ ಮೇಲೆ ವಾಸ್ತುವನ್ನು ಅಭ್ಯಸಿಸುವ ಹುಡುಗನೊಬ್ಬನ ಕೈಗೆ ಸಿಕ್ಕಿತೆನ್ನಿ. ಈ ಗುಡಿಯ ಮುಖ್ಯ ವಿಶೇಷವೇ ಅವನಿಗೆ ಕಾಣುವುದಿಲ್ಲ.

ತಿದ್ದುವುದು ಈ ಕಾಲದ ಚಾಳಿ ಎಂದು ಭಾವಿಸಬಾರದು. ನಮ್ಮ ಸೀಮೆಯ ಗುಡಿಗಳು ಕ್ಯಾಮೆರಾದ ಕಣ್ಣಿಗೆ ಬಿದ್ದಂದಿನಿಂದ ಅದು ಇದೆ. 1855ರಲ್ಲಿ ಮುಂಬಯಿ ಸರಕಾರವು ಫಿರಂಗಿದಳದ ಅಧಿಕಾರಿ ಬಿಗ್ಸ್ ಎಂಬವರನ್ನು ಪ್ರಾಚೀನ ಕಟ್ಟಡಗಳ ಛಾಯಾಚಿತ್ರ ತೆಗೆಯಲು ನೇಮಿಸಿತು. ಅವರ ತರುವಾಯ ಆ ಕೆಲಸಕ್ಕೆ ಬಂದವರು ಡಾಕ್ಟರ್ ಪಿಗೂ. ಬೇಲೂರು ಹಳೇಬೀಡುಗಳ ಕಡೆ ಡಾಕ್ಟರ್ ನೀಲ್ ದುಡಿದರು. ಈ ಮೂವರ ಚಿತ್ರಗಳನ್ನು ಸೇರಿಸಿ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್‌ರ ಬರಹಗಳೊಡನೆ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುವಿನ ದೊಡ್ಡ ಸಂಪುಟವೊಂದು 1866ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಸೈನ್ಯದವರೂ ವೈದ್ಯರೂ ಬಿಡುವಿಲ್ಲದ ಚಾಕರಿಯ ನಡುವೆ ಮಾಡಿದ ಈ ಕೆಲಸಕ್ಕೆ ನಾವು ಋಣಿಗಳು.

ಆ ಕಾಲದಲ್ಲಿ ಮೇಣ ಸವರಿದ ಕಾಗದವೇ ನೆಗೆಟಿವ್. ಅದರ ಲೇಪಕ್ಕೆ ನೀಲಿಯ ಬೆಳಕೆಂದರೆ ವಿಪರೀತ ಪ್ರೀತಿ. ಕಲ್ಲಿನ ಕೆತ್ತನೆ ಮೂಡುವಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶ ಕಲೆಕಲೆಯಾಗಿ ಕೆಟ್ಟುಹೋಗುತ್ತಿತ್ತು. ಅದಕ್ಕೆ ಅನೇಕರು ನೆಗೆಟಿವ್‌ನ ಆಕಾಶಕ್ಕೆ ಕಪ್ಪು ಬಳಿದುಬಿಡುತ್ತಿದ್ದರು. ಮುದ್ರಣದಲ್ಲಿ ಅದು ಅಚ್ಚ ಬಿಳಿಯಾಗಿ ಬರುತ್ತಿತ್ತು. 1854ರಲ್ಲಿ ಹಳೇಬೀಡು ಬೇಲೂರುಗಳ ಚಿತ್ರ ತೆಗೆದ ಲಿನೇಯಸ್ ಟ್ರೈಪ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು. ಮರುವರ್ಷ ಬರ್ಮಾದಲ್ಲಿ ತೆಗೆದ ನೆಗೆಟಿವ್‌ಗಳ ಮೇಲೆ ಅವರು ಕುಂಚದಿಂದ ಮೋಡಗಳನ್ನೇ ಬರೆದರು. ಆ ಮೋಡಗಳಿಂದ ಎಲ್ಲಿಯೂ ಮಳೆ ಬಂದುದಿಲ್ಲ, ಪಗೋಡಗಳಿಗೂ ಕೇಡಾಗಲಿಲ್ಲ. ಅವರು ಕಟ್ಟಡವನ್ನು ಮುಟ್ಟಲಿಲ್ಲವೆಂಬುದು ಗಮನಿಸತಕ್ಕದ್ದು.

ಮುಂದೆ ಸ್ಟುಡಿಯೋಗಳು ಬಂದವು. ಇಳಿಜಾರಾದ ಒಂದು ಸಣ್ಣ ಮೇಜು, ಹಿಂದಿನಿಂದ ಬೆಳಕು, ಚೂಪು ಮಾಡಿದ ಪೆನ್ಸಿಲು, ಹೆರೆಯುವುದಕ್ಕೆ ಸಣ್ಣ ಚಾಕು. ಇಷ್ಟರಿಂದಲೇ ಸಿಡುಬಿನ ಗುಳಿಗಳು ಮುಚ್ಚಿದವು, ಕಣ್ಣಿನ ಕೆಳಗಿನ ಕಪ್ಪು ತಿಳಿಯಾಯಿತು. ಬೇರೆ ಬೇರೆ ಕಾಲದಲ್ಲಿ ತೆಗೆಸಿದ ಅಜ್ಜ ಅಜ್ಜಿಯರ ಮುಖಗಳನ್ನು ಕತ್ತರಿಸಿ ಕೂಡಿಸಿ ಒಂದೇ ಚೌಕಟ್ಟಿನಲ್ಲಿ ಕೂರಿಸಿದುದೂ ಉಂಟು. ಅದರಲ್ಲಿ ವಂಚನೆ ಇರಲಿಲ್ಲ, ಮರ್ಯಾದೆ ಇತ್ತು. ಆದರೆ ಚಾಕುವಿನಿಂದ ಹೆರೆದ ನೆಗೆಟಿವ್ ಮತ್ತೆ ಮೊದಲಿನಂತಾಗದು. ಅಜ್ಜಿಯ ಹಣೆಯ ಮೇಲೆ ನಿಜವಾಗಿ ಏನಿತ್ತೆಂಬುದನ್ನು ಇಂದು ಯಾರೂ ಹೇಳಲಾರರು.

ಕಂಪ್ಯೂಟರು ತಂದ ದೊಡ್ಡ ಬದಲಾವಣೆ ವೇಗವಲ್ಲ. ಹಿಂದಕ್ಕೆ ಹೋಗುವ ಅನುಕೂಲ. ಅದೂ ಒಂದೇ ದಿನ ಬಂದುದಲ್ಲ. ಮಿಶಿಗನ್ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿ ಥಾಮಸ್ ನಾಲ್ 1987ರಲ್ಲಿ ಬರೆಯತೊಡಗಿ, ಅಣ್ಣತಮ್ಮಂದಿರಿಬ್ಬರೂ ಕೂಡಿ ಬೆಳೆಸಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. ಪದರಗಳ ಮೇಲೆ ಕೆಲಸಮಾಡುವ ಏರ್ಪಾಡು ಅದಕ್ಕೆ ಸೇರಿದುದು 1994ರಲ್ಲಿ. ಮಾಡಿದ ತಿದ್ದುಪಡಿಗಳ ಸಾಲನ್ನು ತೋರಿಸಿ, ಬೇಕಾದ ಹೆಜ್ಜೆಗೆ ಮರಳಿಸುವ ಪಟ್ಟಿ ಸೇರಿದುದು 1998ರಲ್ಲಿ. ಆ ಪಟ್ಟಿಯ ಹೆಸರೇ ‘ಹಿಸ್ಟರಿ’. ಅಲ್ಲಿಯವರೆಗೆ ಒಂದೇ ಹೆಜ್ಜೆ ಹಿಂದಕ್ಕೆ ಹೋಗಬಹುದಿತ್ತು. ವಿಂಡೋಸ್ ಎಕ್ಸ್‌ಪಿಯ ಪೇಂಟ್ ನೆನಪಿದೆಯೆ? ಅಲ್ಲಿ ಮೂರು ಹೆಜ್ಜೆ ಮಾತ್ರ. ನಾಲ್ಕನೆಯ ತಪ್ಪಿಗೆ ಕ್ಷಮೆಯಿಲ್ಲ.

ಹೊಸಬರಿಗೆ ನಾನು ಮೊದಲು ಪರೀಕ್ಷಿಸಿರೆಂದು ಹೇಳುವುದು ಇದನ್ನೇ. ಗುಂಡಿಗಳೆಷ್ಟು ಎಂದು ಎಣಿಸುವುದು ಆಮೇಲಾಗಲಿ. ನಿನ್ನೆ ಮಾಡಿದ ತಿದ್ದುಪಡಿಯನ್ನು ಇಂದು ಬಿಚ್ಚಿ ತೆಗೆಯಲು ಬರುತ್ತದೆಯೆ? ಫೋನಿನಲ್ಲಿ ತಿದ್ದುವವರಿಗೆ ಸ್ನ್ಯಾಪ್‌ಸೀಡ್ ಒಳ್ಳೆಯದು. 2011ರಲ್ಲಿ ನಿಕ್ ಎಂಬ ಕಂಪನಿ ಹೊರತಂದ ಇದನ್ನು ಮರುವರ್ಷ ಗೂಗಲ್ ಕೊಂಡುಕೊಂಡಿತು. ಹಾಕಿದ ತಿದ್ದುಪಡಿಗಳು ಅದರಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುತ್ತವೆ; ನಡುವಿನದೊಂದನ್ನು ಎಳೆದು ತೆಗೆಯಬಹುದು. ಆದರೆ ಚಿತ್ರವನ್ನು ವಾಲಿಸಿದಾಗ ಖಾಲಿ ಬೀಳುವ ಮೂಲೆಗಳನ್ನು ಅದು ಸುತ್ತಲಿನ ಚಿತ್ರವನ್ನು ನೋಡಿ ತಾನೇ ತುಂಬಬಲ್ಲುದು. ಗುಡಿಯ ಚಿತ್ರಕ್ಕೆ ಅದು ಬೇಡ. ಕಂಪ್ಯೂಟರಿನಲ್ಲಿ ಕೂತು ಕಲಿಯುವ ತಾಳ್ಮೆ ಇದ್ದವರಿಗೆ ಗಿಂಪ್. 1996ರಿಂದ ಉಚಿತವಾಗಿಯೇ ದೊರೆಯುತ್ತಿದೆ. ಮೊದಲ ವಾರ ತಲೆ ಕೆಡಿಸುತ್ತದೆಂಬ ಅಪವಾದ ಅದಕ್ಕಿದೆ, ಸುಳ್ಳೇನಲ್ಲ. ಹಾಕಿದ ಸಂಸ್ಕಾರಗಳನ್ನು ಮೂಲಕ್ಕೆ ಧಕ್ಕೆಯಿಲ್ಲದೆ ಬೇಕಾದಾಗ ಬದಲಿಸುವ ಸೌಲಭ್ಯ 2025ರ ಮೂರನೆಯ ಆವೃತ್ತಿಯಲ್ಲಿ ಅದಕ್ಕೂ ಕೂಡಿಬಂತು. ಫೋಟೋಶಾಪ್ ಎಲ್ಲವನ್ನೂ ಮಾಡಬಲ್ಲುದು, ಬಾಡಿಗೆ ಕಟ್ಟುತ್ತಿರಬೇಕು ಅಷ್ಟೆ. ಮದುವೆಯ ಆಲ್ಬಂ ಮಾಡಿ ಹೊಟ್ಟೆ ಹೊರೆಯುವವರಿಗೆ ಅದು ಸರಿ. ಅಜ್ಜನ ಹತ್ತು ಪಟಗಳಿಗೆ ಅಷ್ಟು ಬೇಡವೆಂದು ನನ್ನ ಅಭಿಪ್ರಾಯ.

ಉಪಕರಣವನ್ನೂ ಪೂರ್ತಿ ನಂಬುವಂತಿಲ್ಲ. ಒಂದು ಕಾಲಕ್ಕೆ ಹೊಸಬರಿಗೆ ಪಿಕಾಸಾಕ್ಕಿಂತ ಒಳ್ಳೆಯದಿರಲಿಲ್ಲ. ಅದು ಮೂಲವನ್ನು ಬೇರೆ ಕಡತಕೋಶದಲ್ಲಿ ಬಚ್ಚಿಟ್ಟು, ತಿದ್ದುಪಡಿಗಳನ್ನು ಒಂದು ಪುಟ್ಟ ಕಡತದಲ್ಲಿ ಬರೆದಿಡುತ್ತಿತ್ತು. ಗೂಗಲ್ 2016ರಲ್ಲಿ ಅದನ್ನು ನಿಲ್ಲಿಸಿತು. ಆ ಪುಟ್ಟ ಕಡತದ ಭಾಷೆ ಬೇರೆ ತಂತ್ರಾಂಶಗಳಿಗೆ ಬಾರದು. ಮೂಲ ಉಳಿಯಿತು, ತಿದ್ದಿದ ಶ್ರಮ ಹೋಯಿತು. ಹೋಗುವುದಾದರೆ ಹಾಗೆಯೇ ಹೋಗಲಿ. ಆದುದರಿಂದ ಯಾವುದನ್ನೇ ಹಿಡಿಯಿರಿ, ಮುಟ್ಟದ ಒಂದು ಪ್ರತಿ ಬೇರೆ ಕಡೆ ಇರಬೇಕು.

ಶಾಸನಗಳ ಚಿತ್ರ ತೆಗೆಯುವ ಹವ್ಯಾಸವುಳ್ಳವರು ಇನ್ನೂ ಎಚ್ಚರದಿಂದಿರತಕ್ಕದ್ದು. ಕಲೆ ಅಳಿಸುವ ಕುಂಚಕ್ಕೆ ಕಲ್ಲಿನ ಚುಕ್ಕೆಯೂ ಅಕ್ಷರದ ಮುಂದಿನ ಸೊನ್ನೆಯೂ ಒಂದೇ. ಬರಿಯ ವಿವರಣೆಯನ್ನು ಟೈಪುಮಾಡಿ ಕೊಟ್ಟರೆ ಚಿತ್ರವನ್ನು ಹುಟ್ಟಿಸುವ ವಿದ್ಯೆ 2023ರಲ್ಲಿ ಫೋಟೋಶಾಪಿನ ಒಳಕ್ಕೂ ಬಂತು. ಮುರಿದ ವಿಗ್ರಹಕ್ಕೆ ಅದು ಮೂಗು ಕೊಡುತ್ತದೆ. ಯಾವ ಶತಮಾನದ ಮೂಗು ಎಂದು ಕೇಳಿದರೆ ಹೇಳುವುದಿಲ್ಲ.

ಇನ್ನು ಕನ್ನಡದ ಮಾತು. ಚಿತ್ರದ ಕೆಳಗೆ ಊರು, ಹೆಸರು, ವರ್ಷ ಬರೆಯುವ ಅಭ್ಯಾಸ ಒಳ್ಳೆಯದು. ಆದರೆ ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಕೆಲವಕ್ಕೆ ನಮ್ಮ ಒತ್ತಕ್ಷರಗಳು ಇಂದಿಗೂ ಸಲೀಸಲ್ಲ. ಫೋಟೋಶಾಪಿನಲ್ಲಿ ಸಹ ದಕ್ಷಿಣ ಏಷ್ಯದ ಲಿಪಿಗಳ ಏರ್ಪಾಡನ್ನು ಹುಡುಕಿ ಆರಿಸಿಕೊಳ್ಳದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ ಬೀಳುವುದುಂಟು. ಹೊಸ ತಂತ್ರಾಂಶವನ್ನು ತೆರೆದೊಡನೆ ‘ಗಳಗೇಶ್ವರ’ ಎಂದು ಟೈಪುಮಾಡಿ ನೋಡುತ್ತೇನೆ. ಶಕಾರದ ಅಡಿಯಲ್ಲಿ ವಕಾರದ ಒತ್ತು ತೆಪ್ಪಗೆ ಕುಳಿತರೆ ಮುಂದಿನ ಗುಂಡಿಗಳ ಕಡೆ ಕಣ್ಣು ಹಾಯಿಸುತ್ತೇನೆ; ಎರಡೂ ದೂರ ದೂರ ನಿಂತರೆ ಮುಚ್ಚಿಬಿಡುತ್ತೇನೆ.