ಗೂಬೆಯ ಕಾಲಿಗೆ ಕಟ್ಟಿದ ಸುಳ್ಳು

ನಮ್ಮೂರಲ್ಲಿ ಜಮೀನಿನ ಜಗಳ ಬಂತು ಅಂದ್ರೆ ಯಾರೂ ಪಹಣಿ ಒಂದನ್ನೇ ನೋಡಿ ಸುಮ್ಮನಾಗಲ್ಲ. ಪಹಣಿಯಲ್ಲಿ ಇವತ್ತು ಯಾರ ಹೆಸರಿದೆ ಅನ್ನೋದು ಸಿಗುತ್ತೆ, ಅಷ್ಟೇ. ಆ ಹೆಸರು ಯಾರಿಂದ ಬಂತು, ಯಾವ ವರ್ಷ, ಪೌತಿಯಿಂದಲೋ ಕ್ರಯದಿಂದಲೋ ಅಂತ ತಿಳೀಬೇಕಾದ್ರೆ ಮ್ಯುಟೇಶನ್ ತೆಗೆಸಬೇಕು. ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಈ ಬುದ್ಧಿ ಇರಲಿಲ್ಲ. ಒಂದು ಟೇಬಲ್ಲಿನ ಹಳೇ ಹೆಸರುಗಳ ಮೇಲೇ ಹೊಸ ಹೆಸರು ಬರೆದು ಅಪ್‌ಡೇಟ್ ಕೊಟ್ಟುಬಿಟ್ಟಿದ್ದೆ. ಮೊದಲು ಏನಿತ್ತಪ್ಪ ಅಂತ ಮಾರನೇ ದಿನ ಕೇಳಿದಾಗ ನೆಲ ನೋಡ್ತಾ ನಿಂತಿದ್ದೆ.

ಮ್ಯೂಸಿಯಂನವರು ಈ ಪಾಠವನ್ನು ಕಂಪ್ಯೂಟರ್ ಹುಟ್ಟೋ ಮೊದಲೇ ಕಲಿತಿದ್ದರು. ಒಣಗಿಸಿಟ್ಟ ಗಿಡದ ಹಾಳೆಯ ಮೇಲೆ ಹೊಸ ತಜ್ಞನೊಬ್ಬ ಬೇರೆ ಹೆಸರು ಹೇಳಿದರೆ ಹಳೇ ಚೀಟಿ ಕೀಳುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಅಂಟಿಸುತ್ತಾರೆ. ಈಗಿನ ಡೇಟಾಬೇಸ್‌ಗಳಲ್ಲೂ ಒಳ್ಳೆಯವು ಹಾಗೇ ಇವೆ. ಮಾದರಿಗೆ ಒಂದು ಸಾಲು, ಅದನ್ನು ಗುರುತಿಸಿದ ಪ್ರತಿ ಸಲಕ್ಕೂ ಬೇರೆ ಟೇಬಲ್ಲಿನಲ್ಲಿ ಒಂದೊಂದು ಸಾಲು: ಯಾರು ಗುರುತಿಸಿದರು, ಯಾವಾಗ, ಯಾವ ಹೆಸರು, ಎಷ್ಟು ಖಚಿತ. ಮ್ಯೂಸಿಯಂಗಳು ಮಾಹಿತಿ ಹಂಚಿಕೊಳ್ಳಲು ಬಳಸುವ ಡಾರ್ವಿನ್ ಕೋರ್ ಅನ್ನೋ ಮಾನದಂಡದಲ್ಲಿ ಇದಕ್ಕೆಲ್ಲ ಪ್ರತ್ಯೇಕ ಕಾಲಂಗಳೇ ಇವೆ.

ಇಷ್ಟೆಲ್ಲ ಯಾಕೆ ಬೇಕು ಅನ್ನೋರಿಗೆ ನಾನು ಒಂದು ಗೂಬೆಯ ಕಥೆ ಹೇಳ್ತೀನಿ.

1872ರಲ್ಲಿ ಮಧ್ಯಭಾರತದ ಕಾಡಿನಲ್ಲಿ ಎಫ್. ಆರ್. ಬ್ಲೆವಿಟ್ ಎಂಬಾತ ಒಂದು ಪುಟ್ಟ ಗೂಬೆಯನ್ನು ಹೊಡೆದ. ಮರುವರ್ಷ ಎ. ಓ. ಹ್ಯೂಮ್ ಅದನ್ನು ಹೊಸ ಪ್ರಭೇದ ಅಂತ ಸಾರಿ, ಹೆಟೆರೊಗ್ಲಾಕ್ಸ್ ಬ್ಲೆವಿಟ್ಟಿ ಅಂತ ಹೆಸರಿಟ್ಟ. ಹೌದು, ಮುಂದೆ ಕಾಂಗ್ರೆಸ್ ಕಟ್ಟಿದ ಅದೇ ಹ್ಯೂಮ್. ಇಂಗ್ಲಿಷಿನಲ್ಲಿ ಫಾರೆಸ್ಟ್ ಔಲೆಟ್. ನಮ್ಮೂರ ಹಾಲಕ್ಕಿಯ ದಾಯಾದಿ ಅನ್ನಬಹುದು, ಆದರೆ ನೆತ್ತಿಯ ಮೇಲೆ ಚುಕ್ಕೆ ಇಲ್ಲವೆನ್ನುವಷ್ಟು ಕಮ್ಮಿ. 1880ರ ದಶಕದಲ್ಲಿ ಖಾನದೇಶದಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಡೇವಿಡ್‌ಸನ್ ಇನ್ನೂ ಕೆಲವನ್ನು ಸಂಗ್ರಹಿಸಿದ. 1884ರ ನಂತರ ಹಕ್ಕಿಯ ಸುದ್ದಿಯೇ ಇಲ್ಲ.

ಇಲ್ಲ ಅನ್ನೋ ಹಾಗೂ ಇರಲಿಲ್ಲ. ಗುಜರಾತಿನ ಮಾಂಡವಿಯಲ್ಲಿ 1914ರಲ್ಲಿ ಸಿಕ್ಕಿದ್ದು ಅಂತ ಚೀಟಿ ಕಟ್ಟಿಕೊಂಡ ಒಂದು ಮಾದರಿ ಇತ್ತು. ಸಂಗ್ರಹಿಸಿದವನು ಬ್ರಿಟಿಷ್ ಸೇನೆಯ ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹೇಗನ್. ದೊಡ್ಡ ಹೆಸರು, ದೊಡ್ಡ ಸಂಗ್ರಹ. ಅದನ್ನೇ ನಂಬಿ ಡಿಲ್ಲನ್ ರಿಪ್ಲೆಯಂಥ ಪಕ್ಷಿತಜ್ಞರೂ ಗೂಬೆಯನ್ನು ಹುಡುಕಿದರು. ಸಿಗಲಿಲ್ಲ. ಹಕ್ಕಿ ನಿರ್ನಾಮ ಆಗಿರಬೇಕು ಅಂದುಕೊಂಡರು.

1990ರ ದಶಕದಲ್ಲಿ ಪಮೇಲಾ ರಾಸ್‌ಮುಸೆನ್ ದಕ್ಷಿಣ ಏಷ್ಯಾದ ಹಕ್ಕಿಗಳ ಪುಸ್ತಕಕ್ಕಾಗಿ ಮ್ಯೂಸಿಯಂಗಳ ಡ್ರಾಯರ್ ತೆಗೆತೆಗೆದು ನೋಡುತ್ತಿದ್ದಳು. ಮೈನರ್ಟ್ಸ್‌ಹೇಗನ್ ಕೈ ಶುದ್ಧವಲ್ಲ ಅನ್ನೋ ಗುಸುಗುಸು ಹಳೆಯದು. ಅನುಮತಿ ಇಲ್ಲದೆ ಮಾದರಿ ಹೊತ್ತೊಯ್ದಿದ್ದಕ್ಕೆ ಬ್ರಿಟಿಷ್ ಮ್ಯೂಸಿಯಂನವರು ಒಮ್ಮೆ ಅವನನ್ನು ಹಕ್ಕಿಗಳ ಕೋಣೆಯಿಂದಲೇ ಹೊರಗಿಟ್ಟಿದ್ದರು. ರಾಸ್‌ಮುಸೆನ್ ಮತ್ತು ನೈಜೆಲ್ ಕಾಲರ್ ಆ ಗೂಬೆಯ ಎಕ್ಸ್-ರೇ ತೆಗೆಸಿದರು. ಹಕ್ಕಿಯ ಚರ್ಮ ಬಿಡಿಸಿ ಒಳಗೆ ತುಂಬಿ ಹೊಲಿಯುವುದರಲ್ಲಿ ಒಬ್ಬೊಬ್ಬರದು ಒಂದೊಂದು ಕೈವಾಡ, ಟೈಲರ್‌ಗಳ ಹಾಗೆ. ಮೇಲೆ ಮತ್ತೆ ಹೊಲಿದಿದ್ದರೂ ಒಳಗೆ ಉಳಿದಿದ್ದ ಗುರುತು ಡೇವಿಡ್‌ಸನ್‌ನದು. ಅಂದ್ರೆ ಮ್ಯೂಸಿಯಂನಿಂದ ಕದ್ದು, ಚೀಟಿ ಬದಲಿಸಿ, ತನ್ನದು ಅಂತ ವಾಪಸ್ ಕೊಟ್ಟಿದ್ದ! 1999ರಲ್ಲಿ ಇದು ಐಬಿಸ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಚೀಟಿಯ ಮೇಲಿನ ಪ್ರಭೇದದ ಹೆಸರು ಸರಿಯಾಗೇ ಇತ್ತು. ಸುಳ್ಳಾಗಿದ್ದು ಊರು, ವರ್ಷ, ಸಂಗ್ರಹಿಸಿದವನು. ಆ ಮೂರು ಸುಳ್ಳಿನಿಂದ ಹುಡುಕೋರು ತಪ್ಪು ಜಾಗದಲ್ಲಿ ಅಲೆದರು. 1914 ಅನ್ನೋದನ್ನು ಪಕ್ಕಕ್ಕಿಟ್ಟು ಹಳೇ ನಿಜವಾದ ಚೀಟಿಗಳನ್ನಷ್ಟೇ ಹಿಡಿದು ರಾಸ್‌ಮುಸೆನ್, ಬೆನ್ ಕಿಂಗ್, ಡೇವಿಡ್ ಅಬ್ಬಾಟ್ ಮೂವರೂ 1997ರ ನವೆಂಬರಿನಲ್ಲಿ ಭಾರತಕ್ಕೆ ಬಂದರು. ಮೊದಲು ಪೂರ್ವದ ಜಾಗಗಳಲ್ಲಿ ಹುಡುಕಿದರು, ಸಿಗಲಿಲ್ಲ. ಆಮೇಲೆ ಡೇವಿಡ್‌ಸನ್ ಓಡಾಡಿದ ಖಾನದೇಶದ ಕಡೆ ಬಂದರು. ಮಹಾರಾಷ್ಟ್ರದ ಶಹಾದಾ ಹತ್ತಿರ ಒಂದು ಎಲೆಯುದುರಿದ ಮರದ ಮೇಲೆ ಗೂಬೆ ಕೂತಿತ್ತು, ಹಾಡುಹಗಲಲ್ಲಿ. 113 ವರ್ಷ ಆಗಿತ್ತು.

ಆಮೇಲೆ ಮೇಳಘಾಟ್‌ನಲ್ಲಿ ಸಿಕ್ಕಿತು, ಮುಂಬೈ ಹತ್ತಿರದ ತಾನ್ಸಾದಲ್ಲೂ ಸಿಕ್ಕಿತು. ಹೆಸರಿನ ಜಗಳ ಮಾತ್ರ ಮುಗಿದಿಲ್ಲ. ಹ್ಯೂಮ್ ಹೆಟೆರೊಗ್ಲಾಕ್ಸ್ ಅಂದ, ಆಮೇಲಿನವರು ಹಾಲಕ್ಕಿಯ ಕುಲವಾದ ಅಥೀನಿಗೆ ಸೇರಿಸಿದರು, ಕೆಲವರು ಮತ್ತೆ ಹೆಟೆರೊಗ್ಲಾಕ್ಸ್‌ಗೆ ತಂದರು, ಡಿಎನ್‌ಎ ನೋಡಿದವರು ಇಲ್ಲ ಅಥೀನೇ ಅಂತಿದ್ದಾರೆ. ಒಂದೇ ಕಾಲಂ ಇಟ್ಟುಕೊಂಡವನ ಗತಿ ಯೋಚಿಸಿ.

ಮೈನರ್ಟ್ಸ್‌ಹೇಗನ್ 1954ರಲ್ಲಿ ಅದೇ ಮ್ಯೂಸಿಯಂಗೆ ದಾನ ಕೊಟ್ಟಿದ್ದು ಸುಮಾರು 20,000 ಹಕ್ಕಿ ಚರ್ಮ. ಯಾವುದು ನಿಜ, ಯಾವುದು ಕದ್ದಿದ್ದು ಅಂತ ಒಂದೊಂದನ್ನೇ ನೋಡಬೇಕು. ಅವನು ಕಟ್ಟಿದ ಚೀಟಿಗಳನ್ನೂ ಹಾಗೇ ಇಟ್ಟುಕೊಂಡು.