ಒಳಗಿನ ಕೀವನ್ನು ಅರಿಯುವ ವಿದ್ಯೆ

ಹುಮನಾಬಾದ ಸೀಮೆಯ ಬೇಮಳಖೇಡದಿಂದ ಬಸವಕಲ್ಯಾಣದವರೆಗೆ ಹಬ್ಬಿರುವ ನೆಲಕ್ಕೆ ವೈದ್ಯವಿದ್ಯೆಯು ನಿನ್ನೆ ಮೊನ್ನೆ ಬಂದುದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸಹೋದರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ದನಕರುಗಳ ಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿಯೇ ‘ಗೋವೈದ್ಯ’ವನ್ನು ರಚಿಸಿದನು, ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು, ಬಸವಣ್ಣನವರ ಕಾಲದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನು ತನ್ನ ವೃತ್ತಿಯ ಪರಿಭಾಷೆಯಲ್ಲಿಯೇ ವಚನಗಳನ್ನು ನುಡಿದನು.

ಈ ಪರಂಪರೆಗೆ ಆಕರವಾದ ಆಯುರ್ವೇದದಲ್ಲಿ ಶಸ್ತ್ರಚಿಕಿತ್ಸಕನ ಮುಂದೆ ಸದಾ ನಿಂತಿದ್ದ ಪ್ರಶ್ನೆಯೊಂದುಂಟು: ಬಾವು ಒಳಗೆ ಪಕ್ವವಾಗಿ ಕೀವುಗಟ್ಟಿದೆಯೋ, ಇಲ್ಲವೋ? ಸುಶ್ರುತಸಂಹಿತೆಯ ಸೂತ್ರಸ್ಥಾನವು ಇದಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಚರ್ಮದ ವರ್ಣ, ಉಷ್ಣತೆ, ನೋವು, ಬೆರಳಿನಿಂದ ಒತ್ತಿದಾಗ ಬೀಳುವ ಕುಳಿ ಮೊದಲಾದ ಲಕ್ಷಣಗಳನ್ನು ವಿವರಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಪೆಟ್ಟಿನಿಂದ ಹುಟ್ಟಿದ ಬಾವುಗಳಲ್ಲಿಯೂ ಆಳದಲ್ಲಿ ಅಡಗಿದ ಬಾವುಗಳಲ್ಲಿಯೂ ಈ ಲಕ್ಷಣಗಳು ಪೂರ್ಣವಾಗಿ ತೋರದೆ ವೈದ್ಯನು ಭ್ರಮೆಗೊಳಗಾಗುವನೆಂದು ಎಚ್ಚರಿಸುತ್ತದೆ. ಮುರಿದ ಎಲುಬಿಗೆ ರಾಡು, ಪ್ಲೇಟುಗಳನ್ನು ಹಾಕಿ ಹೊಲಿಗೆಯಿಟ್ಟ ಇಂದಿನ ವೈದ್ಯನ ಕಳವಳವೂ ಇದೇ ಆಗಿದೆ.

ಕೈಗೂ ಕಣ್ಣಿಗೂ ನಿಲುಕದ ಈ ಆಳದ ವಾರ್ತೆಯನ್ನು ರಕ್ತದಿಂದ ತಿಳಿಯುವ ಮಾರ್ಗವು ತೆರೆದುದು 1897ರಲ್ಲಿ. ನಮ್ಮ ಬೀದರ ಜಿಲ್ಲೆಯು ಯಾವ ನಿಜಾಮ ಸಂಸ್ಥಾನಕ್ಕೆ ಸೇರಿತ್ತೋ ಅದೇ ಸಂಸ್ಥಾನದ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡ ಆ ವರ್ಷವೇ, ದೂರದ ಪೋಲಂಡಿನ ಎಡ್ಮಂಡ್ ಬಿಯೆರ್ನಾಟ್ಸ್ಕಿ ಎಂಬ ವೈದ್ಯನು, ರೋಗಿಗಳ ರಕ್ತದಲ್ಲಿ ಕೆಂಪು ಕಣಗಳು ತಳಕ್ಕಿಳಿಯುವ ವೇಗವು ಭಿನ್ನವಾಗಿರುವುದನ್ನು ಪ್ರಕಟಿಸಿದನು. ಮುಂದೆ ಸ್ವೀಡನ್ನಿನ ಫೊರೇಯಸ್ ಮತ್ತು ವೆಸ್ಟರ್‌ಗ್ರೆನ್ 1921ರ ಸುಮಾರಿಗೆ ಇದನ್ನು ನಿಶ್ಚಿತ ಪರೀಕ್ಷೆಯಾಗಿ ರೂಪಿಸಿದರು. ಉರಿಯೂತವಾದಾಗ ರಕ್ತದಲ್ಲಿ ಫೈಬ್ರಿನೋಜನ್ ಹೆಚ್ಚಿ, ಕಣಗಳು ನಾಣ್ಯಗಳ ಗುಪ್ಪೆಯಂತೆ ಒಂದಕ್ಕೊಂದು ಅಂಟಿ, ನೆಟ್ಟಗೆ ನಿಲ್ಲಿಸಿದ ಗಾಜಿನ ನಳಿಕೆಯಲ್ಲಿ ಶೀಘ್ರವಾಗಿ ಇಳಿಯುತ್ತವೆ. ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿದವೆಂಬುದೇ ಇ.ಎಸ್.ಆರ್. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇನ್ನೊಂದು ಪದಾರ್ಥವನ್ನು ಕಂಡುಹಿಡಿದರು. ಯಕೃತ್ತು ತಯಾರಿಸುವ ಆ ಪ್ರೋಟೀನೇ ಇಂದು ಸಿ.ಆರ್.ಪಿ. ಎಂದು ಪ್ರಸಿದ್ಧವಾಗಿದೆ.

ಆದರೆ ಶಸ್ತ್ರಕ್ರಿಯೆಯೇ ದೇಹಕ್ಕೊಂದು ಆಘಾತವಾದ ಕಾರಣ, ಸೋಂಕಿಲ್ಲದವನ ರಕ್ತದಲ್ಲಿಯೂ ಇವೆರಡೂ ಏರುತ್ತವೆ. ಸಿ.ಆರ್.ಪಿ. ಎರಡನೆಯ ಅಥವಾ ಮೂರನೆಯ ದಿನ ಶಿಖರವನ್ನು ಮುಟ್ಟಿ, ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಸಹಜಸ್ಥಿತಿಗೆ ಮರಳುತ್ತದೆ, ಇ.ಎಸ್.ಆರ್. ಆದರೋ ತಿಂಗಳುಗಟ್ಟಲೆ ಏರಿಯೇ ಇರಬಹುದು. ಆದುದರಿಂದ ವೈದ್ಯನಿಗೆ ಮುಖ್ಯವಾದುದು ಒಂದು ದಿನದ ಅಂಕಿಯಲ್ಲ, ಅಂಕಿಗಳ ಗತಿ: ಇಳಿಯಬೇಕಾದ ಸಿ.ಆರ್.ಪಿ. ಇಳಿಯದೆ ನಿಂತರೆ, ಅಥವಾ ಇಳಿದು ಮತ್ತೆ ಏರಿದರೆ, ಒಳಗೆ ಸೋಂಕಿದೆಯೆಂದು ಶಂಕಿಸಲು ಕಾರಣವುಂಟು. ಕೃತಕ ಕೀಲಿನ ಹಳೆಯ ಸೋಂಕಿನ ವಿಷಯದಲ್ಲಿ ಸಿ.ಆರ್.ಪಿ. ಲೀಟರಿಗೆ 10 ಮಿಲಿಗ್ರಾಂ ಮೀರುವುದನ್ನೂ ಇ.ಎಸ್.ಆರ್. 30 ಮೀರುವುದನ್ನೂ 2018ರ ಅಂತರರಾಷ್ಟ್ರೀಯ ವೈದ್ಯಸಮ್ಮತಿಯು ಸೂಚಕಗಳಲ್ಲಿ ಸೇರಿಸಿತು. ಆದರೂ ಇವು ಕೇವಲ ಸೂಚಕಗಳು; ಮೂತ್ರದ ಸೋಂಕಿನಲ್ಲಿಯೂ ಸಂಧಿವಾತದಲ್ಲಿಯೂ ಇವು ಏರಬಲ್ಲವು, ಮಂದಗತಿಯ ರೋಗಾಣುಗಳಿದ್ದಲ್ಲಿ ಏರದೆಯೂ ಇರಬಲ್ಲವು. ಕಡೆಯ ನಿರ್ಣಯಕ್ಕೆ ಕೀಲಿನ ದ್ರವವನ್ನೋ ಅಂಗಾಂಶವನ್ನೋ ತೆಗೆದು ರೋಗಾಣುವನ್ನು ಬೆಳೆಸಿ ನೋಡಲೇಬೇಕು.

ಇಷ್ಟೊಂದು ಎಚ್ಚರವೇಕೆಂದರೆ, ಲೋಹದ ಮೇಲೆ ನೆಲಸಿದ ರೋಗಾಣುಗಳು ತಮ್ಮ ಸುತ್ತ ಲೋಳೆಯ ಪದರವೊಂದನ್ನು ಹೆಣೆದುಕೊಳ್ಳುವುವು. ಅದು ಬಲಿತ ಮೇಲೆ ಔಷಧವೊಂದರಿಂದಲೇ ಅವುಗಳನ್ನು ನಿರ್ಮೂಲ ಮಾಡುವುದು ದುಸ್ಸಾಧ್ಯ. ಮೊದಲ ಕೆಲವು ವಾರಗಳಲ್ಲಿಯೇ ಪತ್ತೆಯಾದರೆ ಒಳಗನ್ನು ತೊಳೆದು ಲೋಹವನ್ನು ಉಳಿಸಿಕೊಳ್ಳುವ ಆಸೆಯುಂಟು; ತಡವಾದರೆ ಅನೇಕ ವೇಳೆ ಅದನ್ನು ಕಿತ್ತು ಹೊಸ ಶಸ್ತ್ರಕ್ರಿಯೆಯನ್ನೇ ಮಾಡಬೇಕಾಗುತ್ತದೆ. ಕೂಲಿಯನ್ನೋ ಒಕ್ಕಲುತನವನ್ನೋ ನೆಚ್ಚಿದ ಕುಟುಂಬಕ್ಕೆ ಅದು ವರುಷದ ಅನ್ನದ ಪ್ರಶ್ನೆ.

ಆದಕಾರಣ ನಮ್ಮ ಸೀಮೆಯ ಜನರಲ್ಲಿ ವಿನಂತಿ ಇಷ್ಟೇ. ಎಲುಬಿನ ಶಸ್ತ್ರಕ್ರಿಯೆಯಾದವರು ಪ್ರತಿಯೊಂದು ರಕ್ತಪರೀಕ್ಷೆಯ ಚೀಟಿಯನ್ನೂ ತಾರೀಖಿನೊಡನೆ ಜೋಪಾನವಾಗಿಡಲಿ. ಗಾಯ ಸೋರಿದರೆ, ಜ್ವರ ಬಂದರೆ, ತಗ್ಗಿದ ನೋವು ಮರಳಿದರೆ, ಅಂಗಡಿಯ ಮಾತ್ರೆಯನ್ನು ನುಂಗಿ ದಿನ ನೂಕದೆ, ಆ ಚೀಟಿಗಳೊಡನೆ ಶಸ್ತ್ರಕ್ರಿಯೆ ಮಾಡಿದ ವೈದ್ಯರ ಬಳಿಗೇ ಹೋಗಲಿ. ಪರೀಕ್ಷೆಗೆ ಮುನ್ನ ನುಂಗಿದ ಆ ಮಾತ್ರೆಯು ರೋಗಾಣುವನ್ನು ಮರೆಮಾಡಬಲ್ಲುದೇ ಹೊರತು ರೋಗವನ್ನು ಗುಣಪಡಿಸಲಾರದು.