ಬೂದಿಕೋಟೆಯ ಹೈದರ, ಅಮೆರಿಕದ ಹಡಗು ಮತ್ತು ನಮ್ಮ ಮನೆಯಲ್ಲಿಲ್ಲದ ಕೋವಿ

ಅಮೆರಿಕಕ್ಕೆ ಕೆಲಸಕ್ಕೆ ಹೋದ ನಮ್ಮ ಕಡೆಯ ಹುಡುಗರು ಮನೆಗೆ ಫೋನ್ ಮಾಡಿದಾಗ ಮೊದಲು ಹೇಳುವುದು ಚಳಿಯ ವಿಚಾರ, ಆಮೇಲೆ ಊಟದ ವಿಚಾರ. ಮೂರನೆಯದು ಬಂದೂಕು. ವಾಲ್‌ಮಾರ್ಟ್ ಅಂಗಡಿಗೆ ಹಾಲು, ಬ್ರೆಡ್ಡು ತರಲು ಹೋದರೆ ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ, ಮೀನಿನ ಗಾಳದ ಪಕ್ಕ, ಬೇಟೆ ರೈಫಲ್ಲುಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ ಅಂತ ಹೇಳಿದರೆ ಇಲ್ಲಿ ಜಗಲಿ ಮೇಲೆ ಕೂತವರು ನಂಬುವುದಿಲ್ಲ. ಅಲ್ಲಿಯವರಿಗೂ ನಮ್ಮ ಬಗ್ಗೆ ಅಷ್ಟೇ ಸೋಜಿಗ. ರಾತ್ರಿ ಮನೆಗೆ ಕಳ್ಳ ನುಗ್ಗಿದರೆ ನೀವು ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ನಾಯಿ ಇದೆ, ಕೂಗಿದರೆ ಬೀದಿಯೇ ಎದ್ದು ಬರುತ್ತದೆ ಅಂದರೆ ಅವರು ನಂಬುವುದಿಲ್ಲ.

ಲೆಕ್ಕ ಹೀಗಿದೆ. ಸ್ವಿಟ್ಜರ್ಲೆಂಡಿನ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2017ಕ್ಕೆ ಮಾಡಿದ ಅಂದಾಜಿನಂತೆ ಅಮೆರಿಕದಲ್ಲಿ ಪ್ರತಿ 100 ಜನರಿಗೆ 120 ಬಂದೂಕು, ಅಂದರೆ ಜನರಿಗಿಂತ ಬಂದೂಕೇ ಹೆಚ್ಚು. ನಮ್ಮ ದೇಶದಲ್ಲಿ 100 ಜನರಿಗೆ ಸುಮಾರು 5. ಅದರಲ್ಲೂ ಬಹುಪಾಲು ಲೈಸೆನ್ಸ್ ಇಲ್ಲದ ನಾಡಬಂದೂಕುಗಳು.

ಇದಕ್ಕೆ ಕಾರಣ ಕೇಳಿದರೆ, ಅವರ ಸ್ವಭಾವವೇ ಹಾಗೆ, ನಮ್ಮದು ಶಾಂತಿಯ ದೇಶ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಕೋಲಾರ ಸೀಮೆಯ ಹಳ್ಳಿಗಳಲ್ಲಿ ಎಷ್ಟು ವೀರಗಲ್ಲುಗಳಿವೆ ನೋಡಿ. ಶಾಂತಿ ನಮ್ಮ ಹುಟ್ಟುಗುಣ ಆಗಿದ್ದರೆ ಅಷ್ಟು ಕಲ್ಲು ನಿಲ್ಲಿಸುವ ಕೆಲಸವೇ ಇರುತ್ತಿರಲಿಲ್ಲ. ಒಂದು ಕಾಲದಲ್ಲಿ ಅವರೂ ನಾವೂ ಒಂದೇ ಶತ್ರುವಿನ ಎದುರು ಬಂದೂಕು ಹಿಡಿದು ನಿಂತಿದ್ದೆವು. ಅವರು ಗೆದ್ದರು, ನಾವು ಸೋತೆವು. ಮನೆಯಲ್ಲಿ ಬಂದೂಕು ಇರಬೇಕೋ ಬೇಡವೋ ಅನ್ನುವುದು ತೀರ್ಮಾನವಾದದ್ದು ಅಲ್ಲಿ.

ನಮ್ಮ ಪಕ್ಕದ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ನಿಮಗೆ ಗೊತ್ತು. ಹೈದರಾಲಿ ಹುಟ್ಟಿದ ಊರು. ಅವನ ತಂದೆ ಫತೆ ಮಹಮ್ಮದ್ ಸೇರಿದಂತೆ ಮನೆಯವರ ಗೋರಿಗಳು ಕೋಲಾರದ ಮಕ್ಬರಾದಲ್ಲಿವೆ. ಈ ಹೈದರಾಲಿ 1780ರಲ್ಲಿ ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಕರ್ನಲ್ ಬೈಲಿಯ ಪಡೆಯನ್ನು ನೆಲಕ್ಕೆ ಉರುಳಿಸಿದ. ಸುದ್ದಿ ಲಂಡನ್ನಿಗೂ ಹೋಯಿತು, ಅಮೆರಿಕಕ್ಕೂ ಹೋಯಿತು. ಅಮೆರಿಕನ್ನರು ಆಗ ಅದೇ ಇಂಗ್ಲಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧದಲ್ಲಿದ್ದರು. ಫ್ರೆಂಚರು ಅವರಿಗೂ ಸ್ನೇಹಿತರು, ಹೈದರನಿಗೂ ಸ್ನೇಹಿತರು. ಕಣ್ಣಾರೆ ಕಾಣದ ಒಬ್ಬ ದೊರೆ ಅವರಿಗೆ ತಮ್ಮವನ ಹಾಗೆ ಕಂಡ.

1782ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ತನ್ನ ವ್ಯಾಪಾರದ ಹಡಗುಗಳ ಕಾವಲಿಗೆ ಒಂದು ಹಡಗನ್ನು ಸಜ್ಜು ಮಾಡಿತು. 16 ಫಿರಂಗಿಯ ಆ ಹಡಗಿನ ಹೆಸರು ‘ಹೈದರ್ ಆಲಿ’. ನಾಯಕ ಜೋಶುವಾ ಬಾರ್ನಿ, ವಯಸ್ಸು 22. ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಅವನಿಗೆ ಎದುರಾದದ್ದು ತನಗಿಂತ ದೊಡ್ಡ ಫಿರಂಗಿಗಳಿದ್ದ ಇಂಗ್ಲಿಷರ ‘ಜನರಲ್ ಮಂಕ್’. ಬಾರ್ನಿ ಚುಕ್ಕಾಣಿ ಹಿಡಿದವನಿಗೆ ಮೊದಲೇ ಗುಟ್ಟಾಗಿ ಹೇಳಿಟ್ಟಿದ್ದನಂತೆ: ನಾನು ಕೂಗಿ ಏನು ಹೇಳುತ್ತೇನೋ ಅದರ ತಿರುಗಾಮುರುಗಾ ಮಾಡು. ಅವನ ಕೂಗು ಕೇಳಿದ ಇಂಗ್ಲಿಷರು ಹಡಗು ಒಂದು ಕಡೆ ತಿರುಗುತ್ತದೆ ಅಂದುಕೊಂಡರು, ಅದು ಇನ್ನೊಂದು ಕಡೆ ತಿರುಗಿತು. ಅರ್ಧ ಗಂಟೆಯೊಳಗೆ ‘ಜನರಲ್ ಮಂಕ್’ ಶರಣಾಯಿತು. ಆ ಗೆಲುವಿನ ಮೇಲೆ ಫಿಲಿಪ್ ಫ್ರೆನೋ ಅನ್ನುವ ಕವಿ ಹಾಡು ಕಟ್ಟಿದ. ಬೂದಿಕೋಟೆಯ ಹುಡುಗನ ಹೆಸರು ಅಟ್ಲಾಂಟಿಕ್ ಸಮುದ್ರದ ಆಚೆ ದಡದಲ್ಲಿ ಹಾಡಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಹೈದರ ತೀರಿಕೊಂಡ. ಅವನ ಶವವನ್ನು ಮೊದಲು ಇಟ್ಟದ್ದು ಕೋಲಾರದಲ್ಲಿ, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು.

ಆ ಹಡಗಿನಲ್ಲಿ ನಾವಿಕರ ಜೊತೆ ಪೆನ್ಸಿಲ್ವೇನಿಯಾದ ಒಳನಾಡಿನ ರೈಫಲ್ ಗುರಿಕಾರರೂ ಇದ್ದರು, ಅಂದರೆ ಹಳ್ಳಿಯವರು. ಅಮೆರಿಕದ ಯುದ್ಧ ಶುರುವಾದದ್ದೇ ಇಂಥವರಿಂದ. 1775ರ ಏಪ್ರಿಲ್ 19ರಂದು ಇಂಗ್ಲಿಷ್ ಸೈನಿಕರು ಕಾಂಕರ್ಡ್ ಊರಿಗೆ ಹೊರಟಿದ್ದು ಜನ ಕೂಡಿಟ್ಟಿದ್ದ ಆಯುಧ, ಮದ್ದುಗುಂಡು ವಶಪಡಿಸಿಕೊಳ್ಳಲು. ದಾರಿಯಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಊರಿನ ರೈತರು ಬಂದೂಕು ಹಿಡಿದು ಅಡ್ಡ ನಿಂತರು. ಅಲ್ಲಿ ಬಿದ್ದ ಗುಂಡಿನಿಂದ ಯುದ್ಧ ಹತ್ತಿಕೊಂಡಿತು.

ಇಂಥ ಊರ ಪಡೆ ನಮ್ಮಲ್ಲೂ ಇತ್ತು. ಕಂದಾಚಾರ ಅನ್ನುವ ಪದವನ್ನು ಇವತ್ತು ಮೂಢ ಸಂಪ್ರದಾಯ ಅಂತ ಬೈಯಲು ಬಳಸುತ್ತೇವೆ. ಮೈಸೂರು ಸೀಮೆಯ ಹಳೇ ಕಾಗದಪತ್ರಗಳಲ್ಲಿ ಅದರ ಅರ್ಥವೇ ಬೇರೆ. ಕಂದಾಚಾರದ ಆಳು ಅಂದರೆ ಊರಲ್ಲೇ ಇದ್ದು, ಹೊಲ ಗೇಯ್ದುಕೊಂಡು, ಕರೆ ಬಂದಾಗ ಆಯುಧ ಹಿಡಿದು ಹೊರಡುವವನು. ಪಾಳೆಯಗಾರರ ಕೈಕೆಳಗೂ ಇಂಥವರೇ ಇದ್ದರು. ಲೆಕ್ಸಿಂಗ್ಟನ್ನಿನ ರೈತನಿಗೂ ಈ ಆಳಿಗೂ ಬಹಳ ವ್ಯತ್ಯಾಸ ನನಗೆ ಕಾಣುವುದಿಲ್ಲ.

ಕಾರ್ನ್‌ವಾಲಿಸ್ ಹೆಸರು ಶಾಲೆಯಲ್ಲಿ ಓದಿದ್ದೀರಿ. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ನನಿಗೆ ಶರಣಾದದ್ದು ಇವನ ಸೈನ್ಯ. ಅಲ್ಲಿ ಸೋತವನನ್ನು 1786ರಲ್ಲಿ ಇಂಡಿಯಾಕ್ಕೆ ಗವರ್ನರ್ ಜನರಲ್ ಮಾಡಿ ಕಳಿಸಿದರು. 1791ರ ಫೆಬ್ರವರಿಯಲ್ಲಿ ಅವನು ಮೊಗಿಲಿ ಘಾಟಿ ಹತ್ತಿ ನಮ್ಮ ಸೀಮೆಗೆ ಬಂದ. ಕೋಲಾರ, ಹೊಸಕೋಟೆ ದಾಟಿ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆಗೆ ನುಗ್ಗಿದ. ಅದೇ ಅಕ್ಟೋಬರಿನಲ್ಲಿ, ಯಾರ್ಕ್‌ಟೌನ್ ಆಗಿ ಹತ್ತು ವರ್ಷಕ್ಕೆ, ನಂದಿದುರ್ಗ ಬಿತ್ತು. ಎರಡು ತಿಂಗಳು ಕಳೆದು, 1791ರ ಡಿಸೆಂಬರ್ 15ರಂದು, ಅಮೆರಿಕದ ಸಂವಿಧಾನಕ್ಕೆ ಹತ್ತು ತಿದ್ದುಪಡಿಗಳು ಸೇರಿದವು. ಎರಡನೆಯದರಲ್ಲಿ ಜನ ಆಯುಧ ಇಟ್ಟುಕೊಳ್ಳುವ, ಹಿಡಿಯುವ ಹಕ್ಕಿಗೆ ಸರ್ಕಾರ ಕೈ ಹಾಕಕೂಡದು ಅಂತ ಬರೆದರು. ಅವರ ಬಂದೂಕು ಸಂವಿಧಾನದೊಳಗೆ ಹೋದ ವರ್ಷವೇ ನಮ್ಮ ಕೋಟೆಗಳು ಕೈಬಿಟ್ಟವು. 1799ರಲ್ಲಿ ಶ್ರೀರಂಗಪಟ್ಟಣವೂ ಹೋಯಿತು.

ಟಿಪ್ಪುವಿನ ಕಬ್ಬಿಣದ ರಾಕೆಟ್ಟುಗಳನ್ನು ಇಂಗ್ಲಿಷರು ತಮ್ಮ ದೇಶಕ್ಕೆ ಒಯ್ದು, ನೋಡಿ, ಕಲಿತು, ವಿಲಿಯಂ ಕಾಂಗ್ರಿವ್ ಕೈಯಲ್ಲಿ ತಮ್ಮದೇ ರಾಕೆಟ್ ಮಾಡಿಸಿದರು. 1814ರಲ್ಲಿ ಅವನ್ನು ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಬಿಟ್ಟರು. ಆ ಕೆಂಪು ಬೆಳಕನ್ನು ಕಂಡ ಒಬ್ಬ ವಕೀಲ ಬರೆದ ಪದ್ಯವೇ ಈಗ ಅಮೆರಿಕದ ರಾಷ್ಟ್ರಗೀತೆ. ಇದು ದಾರಿ ಬಿಟ್ಟ ಮಾತು, ಆದರೂ ಹೇಳದೆ ಇರಲು ಆಗಲಿಲ್ಲ.

ಗೆದ್ದ ಮೇಲೆ ಇಂಗ್ಲಿಷರಿಗೆ ಜನರ ಕೈಯಲ್ಲಿದ್ದ ಆಯುಧದ ಭಯ ಹಿಡಿಯಿತು. ಅಮೆರಿಕದ ಪಾಠ ಅವರಿಗೆ ಮರೆತಿರಲಿಲ್ಲ ಅಂತ ನನ್ನ ಅನಿಸಿಕೆ. 1857ರ ದಂಗೆ ಎದ್ದ ಕೂಡಲೇ ನಿಶ್ಶಸ್ತ್ರೀಕರಣ ಕಾಯ್ದೆ ತಂದು, ಎಲ್ಲರೂ ಹತಾರ ಒಪ್ಪಿಸಿ ಅಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಗುವುದಿಲ್ಲ ಅಂದರು. ಬೇಟೆಯೇ ಅವರ ಅನ್ನ, ಹತಾರವೇ ಅವರ ಮಾನ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಹತ್ತನೇ ತರಗತಿಯಲ್ಲಿ ಹಲಗಲಿಯ ಲಾವಣಿ ಓದುವಾಗ ನಾವು ಅದನ್ನು ಪರೀಕ್ಷೆಗೆ ಓದುತ್ತೇವೆ. ಕಾಂಕರ್ಡಿನಲ್ಲಿ ಆದದ್ದೇ ಇಲ್ಲೂ ಆಯಿತು, ಕೊನೆ ಮಾತ್ರ ಬೇರೆ ಅಂತ ಯಾವ ಮೇಷ್ಟ್ರೂ ನಮಗೆ ಹೇಳಲಿಲ್ಲ. 1878ರ ಶಸ್ತ್ರಾಸ್ತ್ರ ಕಾಯ್ದೆ ಇದನ್ನು ಕಾಯಂ ಮಾಡಿತು. ಇಂಡಿಯಾದವನಿಗೆ ಲೈಸೆನ್ಸ್ ಬೇಕು, ಯುರೋಪಿನವನಿಗೆ ಬೇಡ.

ಕೊಡಗಿನವರಿಗೂ ಬೇಡವಾಗಿತ್ತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಹತಾರ ಕಾಯ್ದೆಯಿಂದ ಹೊರಗಿಟ್ಟ. ದಂಗೆಯ ಕಾಲದಲ್ಲಿ ತೋರಿದ ನಿಷ್ಠೆಗೆ ಕೊಟ್ಟ ಮರ್ಯಾದೆ ಅದು. ಕೊಡವರ ಮಟ್ಟಿಗೆ ಕೋವಿ ಅದಕ್ಕೂ ಬಹಳ ಹಳೆಯದು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇದೆ. ಕೊಡವರಿಗೂ ಜಮ್ಮಾ ಭೂಮಿ ಇರುವವರಿಗೂ ಆ ವಿನಾಯಿತಿ ಈಗಲೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮನೆಮನೆಯಲ್ಲಿ ಕೋವಿ ಇದ್ದರೆ ಹೇಗಿರುತ್ತದೆ ಅಂತ ಕೇಳುವ ಅಮೆರಿಕದವರಿಗೆ ನಮ್ಮ ರಾಜ್ಯದಿಂದ ತೋರಿಸಬಹುದಾದ ಜಾಗ ಅದೊಂದೇ. ಆದರೆ ಅಲ್ಲಿ ಕೋವಿ ಒಕ್ಕದ್ದು, ಹಿರಿಯರದ್ದು. ಒಬ್ಬೊಬ್ಬನ ಹಕ್ಕು ಅನ್ನುವ ಅಮೆರಿಕದ ಮಾತು ಅದಕ್ಕೆ ಸರಿಯಾಗಿ ಹೊಂದುವುದಿಲ್ಲ.

ಸ್ವಾತಂತ್ರ್ಯ ಬಂದಾಗ ನಾವೂ ಅಮೆರಿಕದ ದಾರಿ ಹಿಡಿಯಬಹುದಿತ್ತು. ಕಾಂಗ್ರೆಸ್ಸಿನ 1931ರ ಕರಾಚಿ ಠರಾವಿನಲ್ಲಿ, ನಿಯಮಕ್ಕೆ ಒಳಪಟ್ಟು ಆಯುಧ ಹೊಂದುವುದು ಪ್ರಜೆಯ ಹಕ್ಕು ಅಂತಲೇ ಇತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಿ ಅಂತ ತಿದ್ದುಪಡಿ ತಂದರು. ಕಾಮತ್ ಹುಟ್ಟಿದ್ದು ಮಂಗಳೂರಿನಲ್ಲಿ. ಅಂಬೇಡ್ಕರ್ ಒಪ್ಪಲಿಲ್ಲ. ಯಾರು ಬೇಕಾದರೂ ಪೇಟೆಗೆ ಹೋಗಿ ಆಯುಧ ಕೊಂಡು ತರುವ ಹಾಗಾದರೆ ರಾಜ್ಯ ನಡೆಸುವುದು ಹೇಗೆ ಅನ್ನುವುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. ಇಂಗ್ಲಿಷರು ಹೆದರಿ ಕಸಿದದ್ದನ್ನು ನಮ್ಮವರು ಯೋಚನೆ ಮಾಡಿ ವಾಪಸು ಕೊಡಲಿಲ್ಲ. ಆಗಷ್ಟೇ ದೇಶ ಒಡೆದು ಲಕ್ಷಗಟ್ಟಲೆ ಜನ ಸತ್ತಿದ್ದರು. ನಾನು ಆ ಸಭೆಯಲ್ಲಿ ಇದ್ದಿದ್ದರೆ ಅಂಬೇಡ್ಕರ್ ಕಡೆಗೇ ಕೈ ಎತ್ತುತ್ತಿದ್ದೆ.

ಯಾಕೆಂದರೆ ಅಮೆರಿಕ ತೆರುತ್ತಿರುವ ಬೆಲೆ ಸಣ್ಣದಲ್ಲ. 2021 ಒಂದೇ ವರ್ಷದಲ್ಲಿ ಅಲ್ಲಿ ಗುಂಡಿನಿಂದ ಸತ್ತವರು 48,830. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮನ್ನು ತಾವೇ ಹೊಡೆದುಕೊಂಡವರು. ಮಗ ಅಥವಾ ಮಗಳು ಅಲ್ಲಿರುವವರು ಒಂದು ಘಟನೆ ತಿಳಿದುಕೊಂಡಿರಬೇಕು. 1992ರ ಅಕ್ಟೋಬರಿನಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್ ಹತ್ತಿರ ಯೋಶಿಹಿರೊ ಹತ್ತೋರಿ ಅನ್ನುವ 16 ವರ್ಷದ ಜಪಾನಿ ವಿದ್ಯಾರ್ಥಿ ಹ್ಯಾಲೊವೀನ್ ಪಾರ್ಟಿಗೆ ಹೊರಟವನು ವಿಳಾಸ ತಪ್ಪಿ ಬೇರೆ ಮನೆಯ ಬೆಲ್ ಒತ್ತಿದ. ಮನೆಯವನು ರಿವಾಲ್ವರ್ ಹಿಡಿದು ‘ಫ್ರೀಜ್’ ಅಂದ, ಅಂದರೆ ಅಲ್ಲಾಡದೆ ನಿಲ್ಲು ಅಂತ. ಹುಡುಗನಿಗೆ ಅದು ತಿಳಿಯಲಿಲ್ಲ, ಪಾರ್ಟಿಗೆ ಬಂದಿದ್ದೇವೆ ಅಂತ ಹೇಳುತ್ತಾ ಮುಂದೆ ಬಂದ. ಒಂದೇ ಗುಂಡು. ಮನೆಯವನನ್ನು ಜ್ಯೂರಿ ನಿರ್ದೋಷಿ ಅಂದಿತು, ಆಮೇಲೆ ಸಿವಿಲ್ ದಾವೆಯಲ್ಲಿ ಹುಡುಗನ ತಂದೆತಾಯಿ ಗೆದ್ದರು. ನಮ್ಮ ಊರಲ್ಲಿ ಗೊತ್ತಿಲ್ಲದ ಮನೆಯ ಬಾಗಿಲು ತಟ್ಟಿದರೆ ಒಂದು ಲೋಟ ನೀರು ಸಿಗುತ್ತದೆ. ಆ ಅಭ್ಯಾಸ ಅಲ್ಲಿ ಎಲ್ಲ ಕಡೆ ನಡೆಯುವುದಿಲ್ಲ.

ಇನ್ನೊಂದು ವಿಚಾರವನ್ನೂ ಮಕ್ಕಳಿಗೆ ಹೇಳಿ. ಅಲ್ಲಿ ಬಂದೂಕು ಸಲೀಸಾಗಿ ಸಿಗುತ್ತದೆ ಅನ್ನುವುದು ಮುಖ್ಯವಾಗಿ ಅಲ್ಲಿಯ ಪ್ರಜೆಗಳ ಮಾತು. ಎಚ್-1ಬಿ ಕೆಲಸದ ವೀಸಾ, ವಿದ್ಯಾರ್ಥಿ ವೀಸಾದಲ್ಲಿ ಹೋದವರು ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಲ್ಲಿಯ ಫೆಡರಲ್ ಕಾನೂನಿನಲ್ಲಿ ಅಪರಾಧ. ಗೆಳೆಯನ ಕೋವಿ ಹಿಡಿದು ಫೋಟೋ ತೆಗೆಸಿಕೊಂಡು ಸ್ಟೇಟಸ್ ಹಾಕುವ ಮೊದಲು ಯೋಚಿಸಲಿ.

ಇಲ್ಲಿ ಈಗ ಇರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಬೆಳೆ ಕಾಯಲು ರೈತನಿಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೇಳುವ ಅವಕಾಶ ಅದರಲ್ಲಿದೆ. ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ, ಪೊಲೀಸ್ ವರದಿ ಬರಬೇಕು. ತಮಿಳುನಾಡು ಗಡಿ ದಾಟಿ ಆನೆಗಳು ಬಂದು ರಾಗಿ, ಟೊಮ್ಯಾಟೊ ತುಳಿದಾಗ ಮಾಲೂರು, ಬಂಗಾರಪೇಟೆ ಕಡೆಯ ರೈತನ ಕೈಯಲ್ಲಿರುವುದು ಪಟಾಕಿ, ತಮಟೆ, ಟಾರ್ಚು. ಲೈಸೆನ್ಸ್ ಕೋವಿ ಇದ್ದರೂ ಆನೆಗೆ ಹೊಡೆಯುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಚುನಾವಣೆ ಘೋಷಣೆಯಾದರೆ ಆ ಕೋವಿಯನ್ನೂ ಠಾಣೆಗೆ ಒಪ್ಪಿಸಿ ಅಂತ ಆದೇಶ ಬರುತ್ತದೆ. ಫಸಲು ನಿಂತಿರುವಾಗಲೇ ಹೀಗೆ ಕೋವಿ ಕೇಳುತ್ತಾರೆ ಅಂತ ಮಲೆನಾಡಿನ ರೈತರು ಪ್ರತಿ ಚುನಾವಣೆಯಲ್ಲೂ ತಕರಾರು ಎತ್ತುತ್ತಾರೆ. ಕೊಟ್ಟು ಬರುವವರು ರಸೀದಿ ತೆಗೆದುಕೊಂಡು, ಅದರಲ್ಲಿ ಕೋವಿಯ ನಂಬರ್ ಸರಿಯಾಗಿ ಬರೆದಿದ್ದಾರಾ ಅಂತ ಠಾಣೆಯಲ್ಲೇ ಓದಿ ನೋಡಿ.